ಮರಕ್ಕೆ ಎರಡು ಎಸಿ

"ಏ ಬೇವರ್ಸಿ! ನಿನ್ನ ಅಪ್ಪನ ತೋಟದ್ದಾ ಇದು? ಯಾರತ್ರ ಕೇಳಿ ಎಲೆ ಕಿತ್ತದ್ದು?"

ಸೂಪರ್‌ವೈಸರ್ ರೊನಾಲ್ಡ್ ಒಂದು ಹಸಿರೆಲೆಯನ್ನು ಸತ್ತ ಇಲಿಯ ಬಾಲ ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿದು ಮಾಲಿ ಮಲಕಾಜಪ್ಪನ ಮೂಗಿನ ಮುಂದೆ ಆಡಿಸಿದ.

"ಇವತ್ತ ದಸರಾ ಐತ್ರಿ ಸಾಹೇಬ್ರ. ಬನ್ನಿ ಕೊಡಬೇಕಲ್ರಿ. ಇಲ್ಲಿ ಬನ್ನಿಗಿಡ ಎಲ್ಲಿಂದ ತರೂದು? ಅದಕ್ಕ ಇದರದ ಒಂದ್ನಾಕ ಎಲಿ..."

"ನಾಲ್ಕಾ? ಮಂಡೆ ಸಮ ಉಂಟಾ ನಿಂಗೆ? ಬಾಬಾನಿಗೆ ಗೊತ್ತಾದ್ರೆ ನೀನೂ ಖಲಾಸ್, ನಾನೂ ಖಲಾಸ್!"

ಬಾಗಲಕೋಟೆ ಕಡೆಯವರಿಗೆ ದಸರೆಯ ದಿನ ಬನ್ನಿ ಎಲೆ ಹಂಚದಿದ್ದರೆ ಉಂಡ ಹೋಳಿಗೆ ಅರಗುವುದಿಲ್ಲ. ಎಲೆ ಕೈಗಿಟ್ಟು 'ಬಂಗಾರದಂಗ ಇರೋಣು' ಅಂದುಬಿಟ್ಟರೆ ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಿತು. ಕುವೈತಿನ ಸಲ್ವಾದ ಈ ಬಂಗಲೆಯಲ್ಲಿ ಹೋಳಿಗೆಯೂ ಇಲ್ಲ, ಬನ್ನಿಯೂ ಇಲ್ಲ. ಕೈಗೆ ಎಟುಕಿದ ಮರಕ್ಕೇ ಮಲಕಾಜಪ್ಪ ಬನ್ನಿಯ ಪಟ್ಟ ಕಟ್ಟಿದ್ದ. ಅವನ ಗ್ರಹಚಾರಕ್ಕೆ ಅದು ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಯಜಮಾನ, ಆಳುಗಳ ಬಾಯಲ್ಲಿ 'ಬಾಬಾ', ಜೀವಕ್ಕಿಂತ ಹೆಚ್ಚಾಗಿ ನೋಡಿಕೊಳ್ಳುವ ಮರ.

ಆಫ್ರಿಕಾದ ಎತ್ತರದ ಬೆಟ್ಟಗಳಲ್ಲಿ, ಮಂಜು ಮುಸುಕುವ ತಂಪು ಕಾಡಿನಲ್ಲಿ ಬೆಳೆಯುವ ಜಾತಿಯಂತೆ ಅದು. ಎಣ್ಣೆ ಸವರಿದಂತೆ ಮಿರುಗುವ ಎಲೆ, ಅದಕ್ಕೊಂದು ಗುಲಾಬಿ ತೊಟ್ಟು. ಎಲೆ ಹೊಸಕಿದರೆ ಕಹಿ ಬಾದಾಮಿಯ ವಾಸನೆ. ತೊಗಟೆ ಕಪ್ಪಗೆ ಒರಟು. ಆ ತೊಗಟೆಯಿಂದ ಮುದುಕರ ಮೂತ್ರದ ತೊಂದರೆಗೆ ಔಷಧಿ ಮಾಡುತ್ತಾರೆ. ಹಾಗೆ ಸುಲಿದೂ ಸುಲಿದೂ ಅಲ್ಲಿಯ ಕಾಡಲ್ಲಿ ಮರ ಕಡಿಮೆಯಾಗುತ್ತ ಬಂದಿದೆ. ಆದ್ದರಿಂದ ಅದನ್ನು ಉಳಿಸಲೇಬೇಕೆಂದು ಕಫೀಲ್ ಮರುಭೂಮಿಯಲ್ಲಿ ಗಾಜಿನ ಮನೆ ಕಟ್ಟಿಸಿದ. ಎರಡು ಎಸಿ, ಮಂಜು ಊದಲು ಒಂದು ಮೆಷೀನು. ಮರದ ಕಾಗದಪತ್ರಗಳಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ಮಲಕಾಜಪ್ಪನ ಪಾಸ್‌ಪೋರ್ಟಿಗೆ ಆ ಭಾಗ್ಯವಿಲ್ಲ, ಅದು ಕಫೀಲನ ಕಪಾಟಿನಲ್ಲಿ ಮಲಗಿದೆ.

ಬಾಗಿಲ ಮೇಲೆ ರೊನಾಲ್ಡನೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದ: ಹನ್ನೊಂದರಿಂದ ನಾಲ್ಕರವರೆಗೆ ಯಾರೂ ಬಾಗಿಲು ತೆರೆಯಕೂಡದು. ಬಿಸಿಗಾಳಿ ನುಗ್ಗಿದರೆ ಮರ ಸಾಯುತ್ತದೆ.

ಆಳುಗಳ ಕೋಣೆ ಹಿತ್ತಲಿನಲ್ಲಿತ್ತು, ತಗಡಿನದು. ಅಲ್ಲಿಯ ಎಸಿ ಬಕ್ರೀದಿಗೇ ಕಣ್ಣು ಮುಚ್ಚಿತ್ತು. ಅಕ್ಟೋಬರ್ ಬಂದರೂ ಹೊರಗೆ ನಲವತ್ತು ಡಿಗ್ರಿ. ಕೇಳಿದಾಗಲೆಲ್ಲ ರೊನಾಲ್ಡ್ "ಬುಕ್ರಾ" ಅನ್ನುತ್ತಿದ್ದ. ಅವನ ನಾಳೆಗೆ ಸೂರ್ಯ ಹುಟ್ಟುವುದೇ ಇಲ್ಲ. ಆ ಕೋಣೆಯಲ್ಲಿ ಹೆಚ್ಚು ಬೇಯುತ್ತಿದ್ದವನು ಕಾಸರಗೋಡಿನ ಅಡಿಗೆಯವ ಮೊಯ್ದೀನ್ ಕುಂಞಿ. ವಯಸ್ಸಾದವ, ಬೀಪಿ ಬೇರೆ. ಹಗಲು ಒಲೆ, ರಾತ್ರಿ ತಗಡು. ಹೋದ ವಾರ ಎರಡು ಸಲ ತಲೆ ತಿರುಗಿ ಬಿದ್ದಿದ್ದ.

ಎಲೆಯ ಬೈಗುಳ ಮುಗಿಯುತ್ತಿದ್ದಂತೆ ಮಲಕಾಜಪ್ಪ ಮತ್ತೆ ಅದೇ ಮಾತು ತೆಗೆದ. "ಸಾಹೇಬ್ರ, ಮರಕ್ಕ ಎರಡ ಎಸಿ ಅದಾವು. ಒಂದ ನಮ್ಮ ಖೋಲಿಗಿ ಕೊಡಸ್ರಿ. ಮೊಯ್ದೀನ್ ಕಾಕಾ ಸಾಯ್ತಾನ್ರಿ."

"ಮಾರಾಯಾ, ಈ ಮರ ಲೋಕದಲ್ಲೇ ಕಡಿಮೆ ಆಗ್ತಾ ಉಂಟು. ನಿಮ್ಮವರು ಕಡಿಮೆ ಆಗ್ತಾ ಇದ್ದಾರಾ? ಒಬ್ಬ ಹೋದ್ರೆ ಏಜೆಂಟಿಗೊಂದು ಫೋನು, ಹತ್ತು ಜನ ಲೈನಲ್ಲಿ ನಿಲ್ತಾರೆ." ರೊನಾಲ್ಡ್ ತನ್ನ ಮಾತಿಗೆ ತಾನೇ ನಕ್ಕ. "ಒಂದು ಗಂಟೆಗೆ ಬಾಬಾ ಗೆಸ್ಟುಗಳನ್ನು ಕರ್ಕೊಂಡು ಬರ್ತಾರೆ. ಮರ ಉಳಿಸಿದ್ದಕ್ಕೆ ಅವರಿಗೆ ಸನ್ಮಾನ. ಎಲ್ಲರೂ ಗಾಜಿನ ಹೊರಗಿಂದಲೇ ನೋಡುದು. ಎಲೆ ಎಲೆ ಒರೆಸಿಡು, ಯಲ್ಲಾ!" ಎಂದು ಕೇಕ್ ತರಲು ಮಿರ್ಕಾಬಿನ ಪೇಟೆಗೆ ಹೊರಟ.

ಮನೆಗೆಲಸದ ವಂಜಿರು ಎಲ್ಲ ನೋಡುತ್ತ ನಿಂತಿದ್ದಳು. ಕೀನ್ಯಾದವಳು, ಮರದ ಊರಿನವಳೇ. ಮರವನ್ನು ಅವಳು 'ಮುಯಿರಿ' ಅಂತ ಹೆಸರು ಹಿಡಿದೇ ಕರೆಯುವುದು. ಬುದ್ಧಿಯಿದ್ದವರು ಅರ್ಧ ತೊಗಟೆ ಮಾತ್ರ ಸುಲಿದು ಅರ್ಧ ಬಿಡುತ್ತಾರೆ, ಮರ ಬದುಕಿ ಮತ್ತೆ ತೊಗಟೆ ಕೊಡುತ್ತದೆ. ಸುತ್ತಲೂ ಸುಲಿದರೆ ನಿಂತಲ್ಲೇ ಒಣಗುತ್ತದೆ, ಅಂತ ತನ್ನ ಹರಕು ಹಿಂದಿಯಲ್ಲಿ ಹೇಳುತ್ತಿದ್ದಳು.

"ನಮ್ಮನ್ನೂ ಅರ್ಧಾನ ಸುಲೀತಿದ್ರವಾ ಇಷ್ಟ ದಿನಾ," ಅಂದ ಮಲಕಾಜಪ್ಪ. "ಈಗ ಮೊಯ್ದೀನ್ ಕಾಕಾಂದು ಪೂರ್ತಿ ಸುಲ್ಯಾಕ ಹತ್ಯಾರ." ಅವಳಿಗೆ ಕನ್ನಡ ಬಾರದಿದ್ದರೂ ಹೌದು ಹೌದು ಅಂತ ತಲೆಯಾಡಿಸಿದಳು.

ಅಷ್ಟರಲ್ಲಿ ಅಡಿಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು. ಮೊಯ್ದೀನ್ ಕುಂಞಿ ನೆಲದ ಮೇಲಿದ್ದ, ಮೈ ಕಾದ ಹಂಚು. ಡ್ರೈವರ್ ನಿಝಾಮ್ ಓಡಿಬಂದು ರೊನಾಲ್ಡನಿಗೆ ಫೋನು ಹಚ್ಚಿದ. "ತಲೆಗೆ ನೀರು ಹಾಕು, ಕೋಣೆಯಲ್ಲಿ ಮಲಗಿಸು," ಅಂತ ಉತ್ತರ ಬಂತು.

"ಆ ಕೋಣೆಯಲ್ಲಾ ಭಾಯಿ?" ಅಂದ ನಿಝಾಮ್, ಫೋನು ಇಟ್ಟು ಮಲಕಾಜಪ್ಪನ ಕಡೆ ತಿರುಗಿ.

ಮಲಕಾಜಪ್ಪ ಮುದುಕನ ಹೆಗಲಿಗೆ ಕೈ ಕೊಟ್ಟ. "ಆ ಭಾಡ್ಯಾನ ಮಾತ ಏನ ಕೇಳ್ತಿ? ಕಾಲ ಹಿಡಿ. ಚಲೋ!"

ಗಾಜಿನ ಮನೆಗೆ ಹೊತ್ತರು. ಹನ್ನೊಂದಾಗಲು ಇನ್ನೂ ಸ್ವಲ್ಪ ಹೊತ್ತಿತ್ತು, ಆದ್ದರಿಂದ ನಿಯಮ ಮುರಿದಂತಾಗಲಿಲ್ಲ. ವಂಜಿರು ಒದ್ದೆ ಬಟ್ಟೆ ಹಿಡಿದು ಹಿಂದೆಯೇ ಬಂದಳು. ಮಲಕಾಜಪ್ಪ ಒಳಗಿನಿಂದ ಚಿಲಕ ಹಾಕಿದ. ಮರದ ಬುಡದಲ್ಲಿ ಮಲಗಿಸಿ, ಮೈ ಒರೆಸಿ, ಮಂಜಿನ ಮೆಷೀನನ್ನು ಮುದುಕನತ್ತ ತಿರುಗಿಸಿದರು. ಬಹಳ ಹೊತ್ತಿನ ಮೇಲೆ ಮೊಯ್ದೀನ್ ಕುಂಞಿ ಕಣ್ಣು ಬಿಟ್ಟು ಎಲೆಗಳನ್ನು ನೋಡಿದ.

"ಯಾ ಅಲ್ಲಾ, ಸ್ವರ್ಗವಾ ಇದು?"

"ಅಲ್ಲ ಕಾಕಾ, ಕಫೀಲನ ಗಿಡ."

ನಾಲ್ವರೂ ನಕ್ಕರು. ಎಷ್ಟೋ ತಿಂಗಳ ಮೇಲೆ ಬಂದ ನಗು.

ರೊನಾಲ್ಡ್ ಕೇಕ್ ಹಿಡಿದುಕೊಂಡು ಬಂದಾಗ ಬಾಗಿಲ ಮೇಲಿನ ಗಡಿಯಾರ ಒಂದಕ್ಕೆ ಹತ್ತಿರವಿತ್ತು. ಗಾಜಿಗೆ ಮೂಗು ಒತ್ತಿದವನ ಮುಖ ಬಿಳಿಚಿತು. "ಬಾಗಿಲು ತೆಗೀರೋ ಹಲ್ಕಟ್‌ಗಳೇ!" ಎಂದು ದಬದಬ ಬಡಿದ.

"ಬಡೀಬ್ಯಾಡ್ರಿ ಸಾಹೇಬ್ರ, ಗಾಜ ಒಡೀತೈತಿ. ಬಾಗಲಾ ತಗದ್ರ ಬಿಸಿಗಾಳಿ ಬಂದ ಮರ ಸಾಯ್ತೈತಿ. ನೀವ ಬರದೀರಲ್ರಿ, ಓದ್ಕೋರಿ."

ಅಷ್ಟರಲ್ಲಿ ಕಫೀಲನ ಕಾರು, ಅದರ ಹಿಂದೆ ಅತಿಥಿಗಳ ಕಾರು ಬಂದು ನಿಂತವು. ಎಲ್ಲರೂ ಗಾಜಿನ ಮುಂದೆ, ಬಿಸಿಲಿನಲ್ಲಿ, ಸಾಲಾಗಿ ನಿಂತರು. ಕಫೀಲ್ ಕೂಗಿದ, ರೊನಾಲ್ಡ್ ಕೈ ಮುಗಿದ, ಕೇಕ್ ಡಬ್ಬಿಯ ಮೂಲೆಯಿಂದ ಕ್ರೀಮು ಸೋರತೊಡಗಿತು. ಅತಿಥಿಗಳು ಫೋನು ಎತ್ತಿ ಮರದ ಫೋಟೋ ಹಿಡಿದರು. ಬುಡದಲ್ಲಿ ಮಲಗಿದ್ದ ಮುದುಕನೂ ಅದರಲ್ಲಿ ಬಂದ.

ನಾಲ್ಕು ಗಂಟೆಗೆ ತನ್ನ ಕುವೈತ್ ಮುಗಿಯಿತು ಅಂತ ಮಲಕಾಜಪ್ಪನಿಗೂ ಗೊತ್ತಿತ್ತು. ಕೈಯೆತ್ತಿ ಒಂದೊಂದಾಗಿ ಎಲೆ ಕಿತ್ತ. ಮೊದಲನೆಯದು ವಂಜಿರುಗೆ, ಆಮೇಲೆ ನಿಝಾಮನಿಗೆ, ಮುದುಕನ ಎದೆಯ ಮೇಲೊಂದು. ಉಳಿದ ಒಂದನ್ನು ರೊನಾಲ್ಡನ ಮುಖಕ್ಕೆ ನೇರವಾಗಿ ಗಾಜಿಗೆ ಅಂಟಿಸಿದ.

"ಬನ್ನಿ ತಗೋಳ್ರಿ ಸಾಹೇಬ್ರ. ನಾಕರ ತನಾ ಅಲ್ಲೇ ನಿಂದರ್ರಿ. ಬಂಗಾರದಂಗ ಇರೋಣು."

ಆಮೇಲೆ ಮೊಯ್ದೀನ್ ಕುಂಞಿಯ ಪಕ್ಕದಲ್ಲಿ ಕಾಲು ಚಾಚಿ ಮಲಗಿಕೊಂಡ.