ಸೆವೆರಿನ್ ಬಾಯಿಯ ತುರಿಮಣೆ

ಕೂರಲು ಒಂದು ಹಲಗೆ, ಅದಕ್ಕೆ ಗಿಡ್ಡ ಕಾಲುಗಳು, ಮುಂದೆ ಕೊಕ್ಕಿನಂತೆ ಚಾಚಿದ ಕಬ್ಬಿಣ, ಕಬ್ಬಿಣದ ತುದಿಗೆ ಹಲ್ಲು. ಇಷ್ಟೇ ನಾನು. ಮಂಗಳೂರಿನ ಬೋಳಾರದಲ್ಲಿ ದೋಣಿ ಕಟ್ಟುವ ಆಚಾರಿಯೊಬ್ಬ ದೋಣಿಗೆಂದು ಕೊಯ್ದ ಹೆಬ್ಬಲಸಿನ ಮರದಲ್ಲಿ ಉಳಿದ ತುಂಡಿನಿಂದ ನನ್ನನ್ನು ಮಾಡಿದ. ನನ್ನಲ್ಲಿ ಅವನು ಯಾವ ಕಲೆಯನ್ನೂ ತೋರಿಸಲಿಲ್ಲ. ತೆಂಗಿನಕಾಯಿ ತುರಿಯುವ ಮಣೆಗೆ ಕಲೆ ಬೇಕಿಲ್ಲ, ಕೂತಾಗ ಅಲುಗಾಡದಿದ್ದರೆ ಸಾಕು.

ನನ್ನನ್ನು ಮಾಡಿಸಿದ್ದು ಒಬ್ಬ ತಾಯಿ, ಮಗಳು ಸೆವೆರಿನ್ ಬಾಯಿಯ ಮದುವೆಗೆ. ಅಲ್ಲಿಯ ಕ್ರಿಸ್ತಾಂವ್, ಅಂದರೆ ಕ್ಯಾಥೊಲಿಕ್, ಮನೆಗಳಲ್ಲಿ ಮದುವೆಯ ಮುನ್ನಾ ದಿನ ರೋಸ್ ಎಂಬ ಶಾಸ್ತ್ರವಿದೆ. ಮದುಮಗಳ ತಲೆಗೆ ತೆಂಗಿನ ಹಾಲು ಹೊಯ್ಯುತ್ತಾರೆ. ಅಷ್ಟು ಹಾಲಿಗೆ ಒಂದು ಮನೆಯ ತುರಿಮಣೆ ಸಾಲದು, ಕೇರಿಯದ್ದೆಲ್ಲ ಬರುತ್ತವೆ. ಶಾಸ್ತ್ರ ಮುಗಿದ ಮೇಲೆ ಯಾರ ಮಣೆ ಯಾರ ಮನೆಗೆ ಹೋಯಿತೆಂಬ ಜಗಳ ಲೆಂಟ್ ಉಪವಾಸದವರೆಗೂ ನಡೆಯುತ್ತದೆ. ಆದ್ದರಿಂದ ಆ ತಾಯಿ ಕಾಯಿಸಿದ ಸಲಾಕೆಯಿಂದ ನನ್ನ ಹಲಗೆಯ ಅಡಿಗೆ ಹೆಸರು ಸುಡಿಸಿದಳು. ಸೆವೆರಿನ್ ಬಾಯಿ, ಬೋಳಾರ. ದುಂಡು ದುಂಡು ಕನ್ನಡ ಅಕ್ಷರ. ಹೆಸರು ಹಾಕಿದ್ದು ಅಂದಕ್ಕಲ್ಲ, ಎಲ್ಲಿಗೆ ಹೋದರೂ ತಿರುಗಿ ಬರಲಿ ಎಂದು.

ನಾನು ಮನುಷ್ಯರನ್ನು ಮುಖ ನೋಡಿ ತಿಳಿಯುವುದಿಲ್ಲ, ಕೂತ ಭಾರದಿಂದ ತಿಳಿಯುತ್ತೇನೆ. ಸೆವೆರಿನ್ ಬಾಯಿ ಹಗುರ ಹೆಂಗಸು. ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ಸೆರಗು ಸಿಕ್ಕಿಸಿ ಕೂತಳೆಂದರೆ ಕಾಯಿಯ ಬಿಳಿ ಮುಗಿದು ಕರಟದ ಕಂದು ಬೀಳುವ ಮೊದಲೇ ಅವಳ ಕೈ ನಿಲ್ಲುತ್ತಿತ್ತು. ಅವಳ ಗಂಡ ಪಾಸ್ಕಾಲ್ ಕಾರ್ಡೋಜಾ ಹಡಗಿನಲ್ಲಿ ಖಲಾಸಿಗಳಿಗೆ ಅಡುಗೆ ಮಾಡುವವನು. ಮಾತು ಚೆನ್ನ, ಮೀಸೆ ಇನ್ನೂ ಚೆನ್ನ. ಅವನು ಕೂತರೆ ಭಾರವೆಲ್ಲ ಒಂದೇ ಕಡೆಗೆ ವಾಲುತ್ತಿತ್ತು, ಯಾವಾಗಲೂ ಏಳಲು ತಯಾರಾದವನ ಹಾಗೆ.

ಮದುವೆಯಾಗಿ ಎರಡನೆಯ ವರ್ಷ ಅವನು ಮತ್ತೆ ಹಡಗಿಗೆ ಹೊರಟ. ದೂರದಲ್ಲಿ ಯುದ್ಧ ಶುರುವಾಗಿತ್ತು. ಹಡಗಿನ ತುರಿಮಣೆಯ ಹಲ್ಲು ಸವೆದಿದೆ, ಸಾರಿನಲ್ಲಿ ಕಾಯಿಯ ತುಂಡು ಸಿಕ್ಕಿತೆಂದು ಖಲಾಸಿಗಳು ಬೈಯುತ್ತಾರೆ, ಇದನ್ನು ಕೊಡು ಎಂದು ನನ್ನನ್ನು ಕೇಳಿದ. ಸೆವೆರಿನ್ ಬಾಯಿಗೆ ಮನಸ್ಸಿರಲಿಲ್ಲ. ಬಸುರಿ ಬೇರೆ. ಕೊನೆಗೆ ನನ್ನನ್ನು ಗೋಣಿಯಲ್ಲಿ ಸುತ್ತಿಕೊಟ್ಟು ಅಂದಳು:

“ನೀವು ಬಾರದಿದ್ರೂ ತೊಂದರೆ ಇಲ್ಲ ಮಾರಾಯ್ರೆ, ಇದು ಮಾತ್ರ ವಾಪಸ್ ಬರ್ಬೇಕು. ನನ್ನ ಅಮ್ಮ ಕೊಟ್ಟದ್ದು.”

ಅವನು ನಕ್ಕ. ಅವಳೂ ನಕ್ಕಳು.

ಹಡಗು ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನಲ್ಲಿ ನಿಂತಾಗ ಪಾಸ್ಕಾಲ್ ಇಳಿದವನು ಮತ್ತೆ ಹತ್ತಲಿಲ್ಲ. ಅವನ ಜೊತೆಗೆ ನಾನೂ ಇಳಿದಿದ್ದೆ, ಗೋಣಿಯೊಳಗೆ. ಬಿಳಿಯರು ಮಾಡುವ ಅದೇ ಕೆಲಸಕ್ಕೆ ನಮ್ಮ ಕಡೆಯವರಿಗೆ ಸಿಗುತ್ತಿದ್ದದ್ದು ಕಾಲುಪಾಲು ಸಂಬಳ. ಹಡಗು ಬಿಟ್ಟು ಓಡಿದ ಇಂಡಿಯಾದವನನ್ನು ಹಿಡಿದರೆ ಮರಳಿ ಹಡಗಿಗೇ ಹಾಕುತ್ತಿದ್ದರು. ಆದರೆ ಕಾರ್ಡೋಜಾ ಎಂಬ ಹೆಸರು ಪೋರ್ಚುಗೀಸರಲ್ಲೂ ಇತ್ತು, ಅವನ ಬಣ್ಣವೂ ಮಬ್ಬು ಬೆಳಕಿನಲ್ಲಿ ನಡೆಯುವಂಥದ್ದು. ಅವನು ಲಿಸ್ಬನ್ನಿನವನಾದ. ಹಸಿದವನು ಹೇಳಿದ ಸುಳ್ಳಿಗೆ ನಾನು ಇವತ್ತಿಗೂ ಅವನನ್ನು ದೂರುವುದಿಲ್ಲ. ದೂರುವುದು ಅದರ ಮುಂದಿನದಕ್ಕೆ.

ಅವನು ಬಿಟ್ಟುಬಂದ ಹಡಗು ವಾಪಸು ಹೋಗುವಾಗ ಮುಳುಗಿತು. ಊರಿಗೆ ಹೋದದ್ದು ಅಷ್ಟೇ ಸುದ್ದಿ. ಮುಂದೊಂದು ದಿನ ಬೋಳಾರದ ಖಲಾಸಿ ಲೋರೆನ್ಸ್ ಅವನನ್ನು ಲಿವರ್‌ಪೂಲಿನ ಬಂದರಿನ ಬೀದಿಯಲ್ಲಿ ಕಂಡು, ಹೆದರಿ ಶಿಲುಬೆ ಗುರುತು ಹಾಕಿಕೊಂಡು, ಆಮೇಲೆ ಅವನ ಕೋಣೆಗೆ ಬಂದ. ಕುರ್ಚಿ ಇರಲಿಲ್ಲವಾದ್ದರಿಂದ ನನ್ನ ಮೇಲೆಯೇ ಕೂತ.

“ಊರ ಇಗರ್ಜಿಯಲ್ಲಿ ನಿನ್ನ ಹೆಸರಲ್ಲಿ ಸತ್ತವರ ಬಲಿಪೂಜೆ ಮಾಡಿಸಿದ್ದಾರೆ ಮಾರಾಯ.”

“ಮಾಡಿಸ್ಲಿ. ಆತ್ಮಕ್ಕೆ ಒಳ್ಳೇದಾಗ್ತದೆ.”

“ಸೆವೆರಿನ್ ಬಾಯಿ ಕಪ್ಪು ಉಟ್ಟಿದ್ದಾಳೆ. ಹೆಣ್ಣು ಮಗು. ಒಂದು ಗೆರೆ ಬರೆದು ಹಾಕು, ನಾನು ಕೊಂಡುಹೋಗ್ತೇನೆ.”

ಪಾಸ್ಕಾಲ್ ಮೀಸೆ ತಿರುವಿದ. ಮತ್ತೆ, “ನೀನು ನನ್ನನ್ನು ನೋಡಿಲ್ಲ ಲೋರೆನ್ಸ್,” ಅಂದ.

ಸತ್ತವನನ್ನು ಯಾರೂ ಹುಡುಕುವುದಿಲ್ಲ ಎಂಬುದು ಅವನಿಗೆ ಹೊಳೆದದ್ದು ಆವಾಗಲೇ ಇರಬೇಕು. ಲೋರೆನ್ಸ್ ಕೂಡ ಗೆಳೆತನ ಉಳಿಸಿಕೊಂಡ, ಬಾಯಿ ಬಿಡಲಿಲ್ಲ. ಬೋಳಾರದ ಹೆಂಗಸಿನ ಕಪ್ಪು ಸೀರೆಯ ಬೆಲೆ ಇಬ್ಬರು ಗಂಡಸರ ಗೆಳೆತನಕ್ಕಿಂತ ಕಡಿಮೆಯಾಯಿತು.

ಯುದ್ಧ ಮುಗಿಯುವ ಮೊದಲೇ ಅವನು ಎಲ್ಸಿ ಎಂಬವಳನ್ನು ಮದುವೆಯಾದ. ಒಳ್ಳೆಯ ಹೆಂಗಸು, ಗೋಣಿಚೀಲದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ನನ್ನನ್ನು ನೋಡಿ ಇದೇನೆಂದು ಕೇಳಿದಳು. ಲಿಸ್ಬನ್ನಿನಲ್ಲಿ ಬೂಟು ರಿಪೇರಿ ಮಾಡುವವರು ಇದರ ಮೇಲೆ ಕೂರುತ್ತಾರೆ, ಅಟ್ಟೆಯ ಚರ್ಮವನ್ನು ಈ ಹಲ್ಲಿನಿಂದ ಒರಟು ಮಾಡುತ್ತಾರೆ ಎಂದ. ಸುಳ್ಳು ಗಟ್ಟಿಯಾಗಲಿ ಎಂದು ಅವಳ ಬೂಟನ್ನೇ ತಂದು ನನ್ನ ಹಲ್ಲಿಗೆ ಉಜ್ಜಿ ತೋರಿಸಿದ. ತೆಂಗಿನ ಹಾಲು ಕಂಡ ಹಲ್ಲಿಗೆ ಬಂದರಿನ ಬೀದಿಯ ಕೆಸರು ಹತ್ತಿತು.

ಒಂದು ಸಲ ಮಾತ್ರ ಅವನು ಬೇರೆಯವನಾದ. ಆ ಊರಿನ ಸಂತೆಗಳಲ್ಲಿ ತೆಂಗಿನಕಾಯಿಯನ್ನು ಕಂಬದ ಮೇಲಿಟ್ಟು ಚೆಂಡೆಸೆದು ಬೀಳಿಸುವ ಆಟವಿದೆ. ಬೀಳಿಸಿದವರಿಗೆ ಕಾಯಿ. ಎಲ್ಸಿ ಒಂದನ್ನು ಗೆದ್ದು ತಂದಳು. ಅವಳು ಇಗರ್ಜಿಗೆ ಹೋದಾಗ ಪಾಸ್ಕಾಲ್ ಬಾಗಿಲು ಹಾಕಿ, ನನ್ನನ್ನು ತೊಳೆದು, ಒಂದು ಕಾಲು ಮಡಚಿ ಕೂತು ತುರಿದ. ಸಕ್ಕರೆ ಬೆರೆಸಿ ಬೊಗಸೆಯಲ್ಲಿ ತಿಂದ. ಅಳಲಿಲ್ಲ. ಕರಟವನ್ನು ಒಲೆಗೆ ಹಾಕಿ, ಕೈ ಮೂಸಿ ನೋಡಿ, ಸಾಬೂನಿನಿಂದ ತೊಳೆದುಕೊಂಡ. ಅಲ್ಲಿಗೆ ನನ್ನ ನಿಜವಾದ ಕೆಲಸ ಮುಗಿಯಿತು.

ಅವನು ಸತ್ತ ಮೇಲೆ ನನ್ನ ಮೇಲೆ ಕಲ್ಲಿದ್ದಲಿನ ಬಕೆಟ್ ಇಟ್ಟರು, ಅವನ ಮಗ ಬಣ್ಣದ ಡಬ್ಬ ಇಟ್ಟ, ಮೊಮ್ಮಗಳು ಪಾಲಿನ್ ಹೂಕುಂಡ ಇಟ್ಟಳು.

ಪಾಲಿನ್‌ಗೆ ಕೆಲಸದಿಂದ ನಿವೃತ್ತಿಯಾದ ಮೇಲೆ ವಂಶದ ಹುಚ್ಚು ಹಿಡಿಯಿತು. ಅಜ್ಜ ಬಾಳಿದ ಬಂದರಿನ ಬೀದಿಯನ್ನು ಎಂದೋ ಕೆಡವಿ ಹಾಕಿದ್ದರು. ಅಲ್ಲಿದ್ದವರ ಮಕ್ಕಳು ಮೊಮ್ಮಕ್ಕಳು ಸೇರಿ ಒಂದು ಇತಿಹಾಸ ಕೂಟ ಕಟ್ಟಿ, ಗೋಡೆಯಗಲದ ನಕ್ಷೆಯಲ್ಲಿ ಇಲ್ಲದ ಬೀದಿಯ ಮನೆಮನೆಯನ್ನೂ ಗುರುತಿಸಿ, ಯಾವ ಮನೆಯಲ್ಲಿ ಯಾರಿದ್ದರೆಂದು ತುಂಬಿಸುತ್ತಿದ್ದರು. ಪಾಲಿನ್ ದಾಖಲೆಗಳ ಕಚೇರಿಗೆ ಹೋಗಿ ಕಣ್ಣು ಕೆಡಿಸಿಕೊಂಡಳು. ಪೋರ್ಚುಗೀಸ್ ಭಾಷೆಯ ತರಗತಿಗೆ ಸೇರಿದಳು. ಲಿಸ್ಬನ್ನಿಗೆ ಹೋಗಿ ಇಗರ್ಜಿಯಿಂದ ಇಗರ್ಜಿಗೆ ಅಲೆದು ಬರಿಗೈಯಲ್ಲಿ ಬಂದಳು. ಸಿಕ್ಕದ ಅಜ್ಜನ ಮೇಲೆ ಪ್ರೀತಿ ಇಮ್ಮಡಿಯಾಯಿತು. ತೀರಿಹೋದ ಅಪ್ಪನ ಸಮಾಧಿಯ ಕಲ್ಲಿಗೆ ಪೋರ್ಚುಗೀಸಿನಲ್ಲಿ ಒಂದು ಸಾಲು ಕೆತ್ತಿಸಿದಳು.

ಕೂಟದ ಕಾರ್ಯದರ್ಶಿ ಜೆರಾಲ್ಡ್ ನನ್ನನ್ನು ಮಗುಚಿ, ಕನ್ನಡಕ ಏರಿಸಿ, ಅಡಿಯಲ್ಲಿರುವುದು ಬಳ್ಳಿಯ ಚಿತ್ತಾರ, ಅಪ್ಪಟ ಪೋರ್ಚುಗೀಸ್ ಶೈಲಿ ಎಂದು ತೀರ್ಪು ಕೊಟ್ಟ. ದುಂಡಗಿನ ಅಕ್ಷರ ಓದಲು ಬಾರದವನಿಗೆ ಅದು ಬಳ್ಳಿಯೇ. ಆ ತಪ್ಪನ್ನು ಕ್ಷಮಿಸಬಹುದು.

ಅಷ್ಟರಲ್ಲಿ ಪಾಲಿನ್ ಮನೆಯ ಮಹಡಿಗೆ ಫ್ಲಾವಿಯಾ ಬಾಡಿಗೆಗೆ ಬಂದಳು. ಮಂಗಳೂರಿನ ಹುಡುಗಿ, ಅಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಮೊದಲ ವಾರವೇ ಹೂಕುಂಡವನ್ನು ಎತ್ತಿ ಬದಿಗಿಟ್ಟು ನನ್ನ ಮೇಲೆ ಕೂತಳು, ಒಂದು ಕಾಲು ಮಡಚಿ, ಒಂದು ಕಾಲು ಚಾಚಿ. ಎಷ್ಟೋ ವರ್ಷಗಳ ಮೇಲೆ ಒಬ್ಬರು ನನ್ನ ಮೇಲೆ ಸರಿಯಾಗಿ ಕೂತರು. ಇದು ಬೂಟಿನ ಮಣೆಯಲ್ಲ, ತೆಂಗಿನಕಾಯಿ ತುರಿಯುವುದು, ನಮ್ಮ ಅಜ್ಜಿಯ ಮನೆಯಲ್ಲಿ ಇಂಥದ್ದೇ ಇದೆ ಎಂದು ಪಾಲಿನ್‌ಗೆ ಹೇಳಿ ನಕ್ಕಳು. ಮತ್ತೆ ನನ್ನನ್ನು ಮಗುಚಿ ಹೆಸರು ಓದಿದಳು. ನಗು ನಿಂತಿತು.

ಊರಿಗೆ ಫೋನ್ ಹೋಯಿತು. ಅಡುಗೆಮನೆಯ ಮೇಜಿನ ಮೇಲೆ ಫೋನು, ಈ ಕಡೆ ಫ್ಲಾವಿಯಾ, ಆ ಕಡೆ ಅವಳ ತಾಯಿ.

“ಬೋಳಾರದ ಸೆವೆರಿನ್ ಬಾಯಿ ಅಂದ್ರೆ ನಮ್ಮ ಸಿಸಿಲಿಯಾ ಬಾಯಿಯ ಅಮ್ಮ ಅಲ್ವಾ? ಅವರ ಗಂಡ ಪಾಸ್ಕಾಲ್ ಕಾರ್ಡೋಜಾ ಯುದ್ಧದಲ್ಲಿ ಹಡಗಿನೊಟ್ಟಿಗೆ ಮುಳುಗಿದ್ದು.”

“ಇಲ್ಲ ಮಮ್ಮಿ. ಮುಳುಗ್ಲಿಲ್ಲ. ಇಲ್ಲಿ ಸಮಾಧಿ ಉಂಟು. ಹೂ ಕೂಡ ಇಡ್ತಾರೆ.”



ಮರುದಿನ ಆ ತಾಯಿ ಸಿಸಿಲಿಯಾ ಬಾಯಿಯನ್ನೇ ಫೋನಿಗೆ ಕರೆತಂದರು. ಎಂಬತ್ತೈದರ ಹತ್ತಿರದ ಮುದುಕಿ. ಪ್ರತಿ ನವೆಂಬರಿನಲ್ಲಿ, ಸತ್ತವರ ದಿನ, ಮುಖ ನೋಡದ ಅಪ್ಪನಿಗಾಗಿ ಮೋಂಬತ್ತಿ ಹಚ್ಚುತ್ತ ಬಂದವಳು. ಅವಳು ಕೂಗಾಡಲಿಲ್ಲ.

“ಅಪ್ಪನ ವಿಷಯ ನನಗೆ ಬೇಡ ಮಗಾ. ಆ ಮಣೆ ಒಂದು ಕಳಿಸಿಕೊಡ್ಲಿ. ಅಮ್ಮ ಸಾಯುವ ತನಕ ಅದರದ್ದೇ ಮಾತು. ಅಪ್ಪನ ಬಗ್ಗೆ ಒಂದು ಮಾತಾಡಿದ್ರೆ ಮಣೆಯ ಬಗ್ಗೆ ಹತ್ತು ಮಾತಾಡ್ತಿದ್ರು.”

ಫ್ಲಾವಿಯಾ ಎಲ್ಲವನ್ನೂ ಪಾಲಿನ್‌ಗೆ ಇಂಗ್ಲಿಷಿನಲ್ಲಿ ಹೇಳಿದಳು. ನಮ್ಮಲ್ಲಿ ಪಾತ್ರೆಯ ಮೇಲೆ ಹೆಸರಿದ್ದರೆ ಅದನ್ನು ತಿರುಗಿ ಕೊಡಬೇಕೆಂದು ಅರ್ಥ ಎಂದೂ ಹೇಳಿದಳು. ಪಾಲಿನ್ ನನ್ನ ಅಡಿಯ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಅತ್ತಳು. ಕ್ರಿಸ್‌ಮಸ್ ರಜೆಗೆ ಊರಿಗೆ ಹೋಗುವಾಗ ನೀನೇ ಕೊಂಡುಹೋಗು ಎಂದು ಫ್ಲಾವಿಯಾಳ ಕೈ ಹಿಡಿದು ಮಾತು ಕೊಟ್ಟಳು. ಹೂಕುಂಡ ನೆಲಕ್ಕಿಳಿಯಿತು. ಫ್ಲಾವಿಯಾ ನನ್ನ ಬಣ್ಣದ ಕಲೆಗಳನ್ನು ಕೆರೆದು, ಹಲ್ಲಿಗೆ ಎಣ್ಣೆ ಹಚ್ಚಿ, ಹಳೆಯ ದುಪ್ಪಟ್ಟಾದಲ್ಲಿ ಸುತ್ತಿಟ್ಟಳು. ನಾನು ನಂಬಿದೆ. ಮರವಾದರೂ ನಂಬಿದೆ.

ನವೆಂಬರಿನಲ್ಲಿ ಕೂಟದ ಪ್ರದರ್ಶನ. ಒಂದೊಂದು ಮನೆಯವರು ಒಂದೊಂದು ವಸ್ತು ತಂದು, ತಮ್ಮ ಹಿರಿಯರ ಕಥೆ ಹೇಳುವುದು. ಅಂದು ಬೆಳಿಗ್ಗೆ ಫ್ಲಾವಿಯಾ ಡ್ಯೂಟಿಗೆ ಹೋದ ಮೇಲೆ ಪಾಲಿನ್ ಬಂದು ದುಪ್ಪಟ್ಟಾ ಬಿಚ್ಚಿದಳು. ಅಜ್ಜನ ನಿಜವಾದ ಕಥೆಯನ್ನು ಸಭೆಯಲ್ಲಿ ಹೇಳಿಯೇ ನನ್ನನ್ನು ಕಳಿಸುತ್ತಾಳೆ ಎಂದುಕೊಂಡೆ.

ಸಭಾಂಗಣ ತುಂಬಿತ್ತು. ಪಾಲಿನ್ ನನ್ನನ್ನು ಎತ್ತಿ ಎಲ್ಲರಿಗೂ ತೋರಿಸಿ, ಮೇಜಿನ ಮೇಲಿಟ್ಟು ಮಾತು ಶುರುಮಾಡಿದಳು. ಲಿಸ್ಬನ್ನಿನ ಬಡ ಚಮ್ಮಾರನ ಮಗ, ಸಮುದ್ರ ದಾಟಿ ಬಂದವನು, ಒಬ್ಬಳನ್ನೇ ಪ್ರೀತಿಸಿ ಒಬ್ಬಳ ಜೊತೆಗೇ ಬಾಳಿದವನು. ಅಷ್ಟು ಹೊತ್ತಿಗೆ ಫ್ಲಾವಿಯಾ ಆಸ್ಪತ್ರೆಯ ಉಡುಪಿನಲ್ಲೇ ಬಂದು ಕೊನೆಯ ಸಾಲಿನ ಹಿಂದೆ ನಿಂತಿದ್ದಳು. ಕೇಳುತ್ತ ಕೂತಿದ್ದ ಮುದುಕನೊಬ್ಬ ಕೈಯೆತ್ತಿದ. ಅಡಿಯಲ್ಲಿ ಏನೋ ಕೆತ್ತಿದಂತಿದೆಯಲ್ಲ, ಏನದು ಎಂದು ಕೇಳಿದ.

ಪಾಲಿನ್ ಫ್ಲಾವಿಯಾಳನ್ನು ನೋಡಿದಳು. ಸರಿಯಾಗಿಯೇ ನೋಡಿದಳು.

“ಬಳ್ಳಿ,” ಅಂದಳು. “ಬರೀ ಬಳ್ಳಿಯ ಚಿತ್ತಾರ.”

ಜೆರಾಲ್ಡ್ ತಲೆಯಾಡಿಸಿದ. ಚಪ್ಪಾಳೆ ಬಿತ್ತು.

ಜನ ಚಹಾದ ಕಡೆಗೆ ಹೋದಾಗ ಫ್ಲಾವಿಯಾ ಮೇಜಿನ ಹತ್ತಿರ ಬಂದಳು.

“ಜೆರಾಲ್ಡ್‌ಗೆ ಓದಲು ಬರುವುದಿಲ್ಲ. ನಿಮಗೆ ನಾನು ಓದಿ ಹೇಳಿದ್ದೇನೆ, ಪಾಲಿನ್.”

“ಅದೇ ನಿಜವಾದರೆ ನನ್ನ ಅಜ್ಜಿಯ ಮದುವೆ ಮದುವೆಯೇ ಅಲ್ಲ. ನನ್ನಪ್ಪ ಯಾರು ಹಾಗಾದರೆ? ಆ ಕಲ್ಲನ್ನು ನಾನು ಕೀಳಿಸಲಾ?”

“ಕಲ್ಲು ಇರಲಿ. ಇಷ್ಟು ವರ್ಷ ಸತ್ಯ ಬೇಕೆಂದು ಹುಡುಕಿದವರು ನೀವು. ಆ ಮುದುಕಿ ಕೇಳಿದ್ದು ಸತ್ಯವನ್ನಲ್ಲ, ಮಣೆಯನ್ನು. ಅಷ್ಟನ್ನಾದರೂ ಕೊಡಿ.”

ಪಾಲಿನ್ ಹೂದಾನಿಯೊಂದನ್ನು ಸುಮ್ಮನೆ ಸರಿಪಡಿಸಿದಳು. “ಕೊಡಲು ಅದು ನನ್ನದಲ್ಲ ಈಗ. ಕೂಟಕ್ಕೆ ದಾನ ಕೊಟ್ಟಾಯಿತು,” ಅಂದಳು.

ಆ ವಾರವೇ ಫ್ಲಾವಿಯಾ ಬೇರೆ ಕೋಣೆ ಹಿಡಿದಳು. ಊರಿಗೆ ಹೊರಡುವ ಮೊದಲು ಒಮ್ಮೆ ಕೂಟಕ್ಕೆ ಬಂದು, ನನ್ನನ್ನಿಟ್ಟ ಗಾಜಿನ ಮುಂದೆ ನಿಂತು ಫೋಟೋ ತೆಗೆದುಕೊಂಡಳು. ಹೆಸರು ಫೋಟೋದಲ್ಲಿ ಬರಲಿಲ್ಲ. ಜೆರಾಲ್ಡ್ ನನ್ನನ್ನು ಹಲಗೆಯೊಂದಕ್ಕೆ ಸ್ಕ್ರೂ ಹೊಡೆದು ಕೂರಿಸಿದ್ದಾನೆ, ಅಕ್ಷರದ ಮಗ್ಗುಲು ಕೆಳಗೆ.

ಈಗ ನಾನು ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಧೂಳಿಲ್ಲ, ಕೆಸರಿಲ್ಲ, ಯಾರೂ ನನ್ನ ಮೇಲೆ ಕೂರುವುದಿಲ್ಲ. ಪಕ್ಕದ ಚೀಟಿಯಲ್ಲಿ ಪೋರ್ಚುಗೀಸ್ ಚಮ್ಮಾರನ ಮಣೆ ಎಂದು ಬರೆದಿದೆ. ಬಂದವರು ಓದಿ, ತಲೆದೂಗಿ, ಮುಂದಿನ ಮನೆಯ ವಸ್ತುವಿಗೆ ಹೋಗುತ್ತಾರೆ. ಪಾಲಿನ್ ಕೆಲವೊಮ್ಮೆ ಬಂದು ಗಾಜು ಒರೆಸುತ್ತಾಳೆ. ಪಾಸ್ಕಾಲ್ ಹೊಟ್ಟೆಗಾಗಿ ಸುಳ್ಳು ಹೇಳಿದ, ಆಮೇಲೆ ಸುಖಕ್ಕಾಗಿ. ಇವಳು ಹೇಳಿದ್ದು ಪ್ರೀತಿಗಾಗಿ ಇರಬಹುದು. ಸ್ಕ್ರೂ ಬಿಗಿಯಾಗಿ ಕೂತಿರುವಾಗ ಕಾರಣಗಳಿಂದ ನನಗೇನೂ ಆಗಬೇಕಾಗಿಲ್ಲ.

ನೀವು ಬಾರದಿದ್ದರೂ ಇದು ಬರಬೇಕು ಎಂದಿದ್ದಳು ಸೆವೆರಿನ್ ಬಾಯಿ. ಇಬ್ಬರೂ ಬರಲಿಲ್ಲ.