ಹದಿಮೂರನೆಯ ಕುರ್ಚಿ

ಉಪ್ಪಿನಂಗಡಿಯ ಹಫೀಝಾ ಅಬುಧಾಬಿಯ ಹೋಟೆಲೊಂದರಲ್ಲಿ ಸಭಾಂಗಣಗಳ ಉಸ್ತುವಾರಿ. ಹನ್ನೊಂದು ವರ್ಷಗಳಲ್ಲಿ ಎಷ್ಟೋ ಮದುವೆಗಳಿಗೆ ಹಾಲ್ ಸಜ್ಜು ಮಾಡಿದ್ದಳು. ಯುದ್ಧ ನಿಲ್ಲಿಸುವ ಮಾತುಕತೆಗೆ ಅದೇ ಮೊದಲು.

ದೂರದ ದೇಶವೊಂದರ ಸರ್ಕಾರ ಒಂದು ಕಡೆ, ಬಂಡುಕೋರರು ಇನ್ನೊಂದು ಕಡೆ. ಮಧ್ಯಸ್ಥಿಕೆ ವಹಿಸಿದ್ದ ಬಿಳಿಗೂದಲ ಹೆಂಗಸು ಟೇಪು ಹಿಡಿದು ತಾನೇ ಅಳತೆ ಹಾಕಿದಳು. ಯಾರದೂ ಮೇಲುಗೈ ಎನಿಸಬಾರದೆಂದು ದುಂಡು ಮೇಜು. ಯಾರೂ ಯಾರಿಗೂ ಕಾಯಬಾರದೆಂದು ಎರಡು ಬಾಗಿಲು. ಒಂದೊಂದು ಕಡೆಗೆ ಆರರಂತೆ ಹನ್ನೆರಡು ಕುರ್ಚಿ. ತನ್ನದು ಮೇಜಿನಿಂದಾಚೆ, ಗೋಡೆಯ ಬಳಿ.

ಎರಡನೆಯ ಬೆಳಿಗ್ಗೆ ಬೀಗ ತೆಗೆದಾಗ ಹದಿಮೂರು ಇದ್ದವು.

"ಸೆಡ್ರಿಕ್ ಸರ್, ನೀವು ಇಟ್ಟದ್ದಾ?" ಎಂದು ಮ್ಯಾನೇಜರನ್ನು ಕೇಳಿದಳು.

"ನಾನೆಂತಕ್ಕೆ ಇಡುದು ಮಾರಾಯ್ತಿ? ಕೀ ನಿನ್ನ ಹತ್ರ ಉಂಟಲ್ಲ. ತೆಗ್ದು ಬಿಡು, ಖಲಾಸ್."

ತೆಗೆದಳು. ಮೂರನೆಯ ಬೆಳಿಗ್ಗೆ ಅದು ಮತ್ತೆ ಅಲ್ಲೇ ಇತ್ತು. ಅದರ ಮುಂದಿನ ಗ್ಲಾಸಿನಲ್ಲಿ ನೀರು ಅರ್ಧವಾಗಿತ್ತು. ಕ್ಯಾಮೆರಾದಲ್ಲಿ ನೋಡಿದರೆ ಬಾಗಿಲು ತೆರೆದೇ ಇರಲಿಲ್ಲ.

ಹಫೀಝಾ ಮಧ್ಯಸ್ಥಗಾರ್ತಿಗೆ ಹೇಳಿದಳು. ಆಕೆ ಬಂದು ಗ್ಲಾಸನ್ನು ಎತ್ತಿ ನೋಡಿದಳು.

"ಎರಡು ಸೈನ್ಯಗಳ ನಡುವೆ ಒಂದು ಕಣಿವೆಯಿದೆ," ಎಂದಳು. "ಅಲ್ಲಿಯ ಜನ ತಮಗೂ ಒಂದು ಜಾಗ ಕೇಳಿದ್ದರು. ಕೊಟ್ಟರೆ ಇಬ್ಬರೂ ಎದ್ದು ಹೋಗುತ್ತಾರೆಂದು ನಾನೇ ಬೇಡವೆಂದೆ. ಕೇಳಲು ಬಂದಿದ್ದ ಹೆಂಗಸು ವಾಪಸು ಹೋಗುವಾಗ ದಾರಿಯಲ್ಲಿ ಸತ್ತಳು. ಇವತ್ತು ಆ ಕುರ್ಚಿ ಅಲ್ಲೇ ಇರಲಿ."

ಹತ್ತು ಗಂಟೆಗೆ ಎರಡೂ ಕಡೆಯವರು ಬಂದರು. ಖಾಲಿ ಕುರ್ಚಿ ಯಾರದೆಂದು ಸರ್ಕಾರದವರು ಕೇಳಿದರು.

"ಕಣಿವೆಯವರದು," ಎಂದಳು ಮಧ್ಯಸ್ಥಗಾರ್ತಿ.

ಸರ್ಕಾರದ ಮುಖಂಡ ಬಂಡುಕೋರರ ಮುಖಂಡನನ್ನು ನೋಡಿದ. ಮೂರು ದಿನಗಳಲ್ಲಿ ಅವರು ಒಬ್ಬರ ಮುಖ ಒಬ್ಬರು ನೋಡಿದ್ದು ಆಗ ಮಾತ್ರ. ತೆಗೆಸಿ, ಎಂದರು ಇಬ್ಬರೂ ಒಟ್ಟಿಗೆ. ಅವರು ಒಪ್ಪಿದ ಮೊದಲ ಮಾತು ಅದು.

ಹಫೀಝಾ ಕುರ್ಚಿ ಎತ್ತಲು ಹೋದಳು. ಅದು ಏಳಲಿಲ್ಲ. ಯಾರೋ ಕೂತಿದ್ದಷ್ಟು ಭಾರ. ಸೀಟಿನ ಬಟ್ಟೆ ಕೈಗೆ ಬೆಚ್ಚಗೆ ತಾಗಿತು. "ಅಮ್ಮಾ, ಏಳಿ, ನನ್ನ ಕೆಲ್ಸ ಇದು," ಎಂದು ಪಿಸುಗುಟ್ಟಿದಳು. ಕುರ್ಚಿ ಹಗುರವಾಯಿತು. ಹೊರಗೆ ಸಾಗಿಸಿದಳು.

ಮರುದಿನವೇ ಒಪ್ಪಂದಕ್ಕೆ ಸಹಿ ಬಿತ್ತು. ಫೋಟೊಗಳಾದವು. ಹದಿನಾರು ದಿನಕ್ಕೆ ಕಣಿವೆಯಲ್ಲಿ ಗುಂಡು ಹಾರಿ, ಒಪ್ಪಂದ ಮುರಿದುಬಿತ್ತು.

ಎರಡು ತಿಂಗಳ ಮೇಲೆ ಮಧ್ಯಸ್ಥಗಾರ್ತಿ ಫೋನ್ ಮಾಡಿದಳು. ಈ ಸಲ ಮೂರು ನಿಯೋಗ, ಮೂರು ಬಾಗಿಲಿನ ಹಾಲ್ ಬೇಕಂತೆ.

ಬುಕಿಂಗ್ ಬರೆದುಕೊಂಡ ಸೆಡ್ರಿಕ್ ಪೆನ್ನು ಕೆಳಗಿಟ್ಟ.

"ಆ ಕಣಿವೆಯಿಂದ ಬರ್ಲಿಕ್ಕೆ ಯಾರಾದ್ರೂ ಉಳಿದಿದ್ದಾರಾ ಹಫೀಝಾ?"

ಅವಳು ಹೊರಗಿಟ್ಟಿದ್ದ ಹದಿಮೂರನೆಯ ಕುರ್ಚಿ ತರಲು ಹೋದಳು.