ಗುಂಡಮ್ಮನ ತವರು

ಸುಬ್ಬಲಕ್ಷ್ಮಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರು ಆಡಿಕೊಳ್ಳುವುದುಂಟು. ಶುದ್ಧ ಸುಳ್ಳು. ಮೂಗಿನ ತುದಿಯಲ್ಲಿದ್ದಿದ್ದರೆ ಒಂದು ಸಲ ಸೀನಿದರೆ ಹೋಗಿಬಿಡುತ್ತಿತ್ತು. ಅವಳ ಸಿಟ್ಟು ಹೋದ ದೀಪಾವಳಿಯಿಂದ ಹೊಟ್ಟೆಯೊಳಗೆ ಕಾಲು ಚಾಚಿಕೊಂಡು ಕೂತಿದೆ. ಅವಳ ಗಂಡ ಶ್ರೀನಿವಾಸ, ಊರಿಗೆಲ್ಲ ಸೀನಣ್ಣ, ಮೂವತ್ತೊಂದು ವರ್ಷ ದಾಸರಹಳ್ಳಿಯಿಂದ ಫ್ಯಾಕ್ಟರಿಗೆ ಸೈಕಲ್ಲಿನಲ್ಲೇ ಹೋಗಿ ಬಂದು ಒಂದು ಗೀರೂ ಇಲ್ಲದೆ ರಿಟೈರ್ ಆದವನು. ದೀಪಾವಳಿಯ ಹಿಂದಿನ ದಿನ ಅದೇ ಸೈಕಲ್ಲಿನಲ್ಲಿ ಬಾಳೆಕಂದು ತರಲು ಹೋದಾಗ ನೀರಿನ ಟ್ಯಾಂಕರೊಂದು ಅವನನ್ನು ಸವರಿಕೊಂಡು ಹೋಯಿತು. ಈಗ ತೊಡೆಯಲ್ಲಿ ಕಬ್ಬಿಣದ ಸರಳಿದೆ, ಕೈಯಲ್ಲಿ ಕೋಲಿದೆ.

ಡಾಕ್ಟರು ಒಂದೇ ಮಾತು ಹೇಳಿದ್ದರು. "ದಿನಾ ಅರ್ಧ ಗಂಟೆ ನಡೀಲೇಬೇಕು ಸಾರ್. ನಿಲ್ಲಿಸಿದ್ರೋ, ಮಂಡಿ ಹಿಡ್ಕೊಂಡುಬಿಡುತ್ತೆ. ಆಮೇಲೆ ಕೋಲೂ ಸಾಲಲ್ಲ."

ನಡೆಯುವುದೆಲ್ಲಿ? ಮನೆ ಮುಂದಿನ ಓಣಿಯಲ್ಲಿ ಮೋರಿಯ ಚಪ್ಪಡಿಗಳು ಒಂದು ಬಿಟ್ಟು ಒಂದು ಮಾಯವಾಗಿವೆ. ಉಳಿದದ್ದು ಓಣಿಯ ಬಾಯಿಂದ ಮೆಟ್ರೋ ಮೆಟ್ಟಿಲವರೆಗಿನ ಫುಟ್‌ಪಾತು. ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಅಗಲ, ಇನ್ನೂರು ಹೆಜ್ಜೆ ಉದ್ದ. ಆದರೆ ಪೀಣ್ಯದ ಫ್ಯಾಕ್ಟರಿಗಳು ಶಿಫ್ಟ್ ಬಿಟ್ಟು ರಸ್ತೆ ತುಂಬಿಕೊಂಡರೆ ಸಾಕು, ಬೈಕಿನವರೆಲ್ಲ ಆ ಫುಟ್‌ಪಾತಿಗೆ ಹತ್ತುತ್ತಿದ್ದರು. ಬೆಳಿಗ್ಗೆಯೂ ಅದೇ ಕಥೆ. ಎರಡು ಸಲ ಹ್ಯಾಂಡಲ್ ಸೀನಣ್ಣನ ಪಕ್ಕೆಗೆ ತಗುಲಿತು. ತಗುಲಿಸಿದವನು ಹಿಂದಿರುಗಿ ನೋಡಿ, "ಮನೇಲಿರಕ್ಕಾಗಲ್ವಾ ತಾತ?" ಎಂದ.

ಆ ಮಾತಿಗೆ ಸೀನಣ್ಣ ಬೇಸರಪಟ್ಟುಕೊಂಡ. ಸುಬ್ಬಲಕ್ಷ್ಮಿ ಬೇಸರಪಡುವ ಪೈಕಿಯಲ್ಲ. ಮೊಬೈಲಿನಲ್ಲಿ ದೂರು ಕೊಟ್ಟಳು: ಫುಟ್‌ಪಾತಿನ ಬಾಯಿಗೆ ಕಂಬ ಹಾಕಿಸಿ, ಬೈಕು ಹತ್ತದಿರಲಿ. ಮೂರನೆಯ ದಿನಕ್ಕೆ "ನಿಮ್ಮ ದೂರು ಪರಿಹಾರವಾಗಿದೆ" ಎಂದು ಉತ್ತರ ಬಂತು, ಜೊತೆಗೆ ಯಾವುದೋ ಬೇರೆ ರಸ್ತೆಯ ಹೊಂಗೆಮರದ ಫೋಟೋ. ಹನ್ನೊಂದು ಸಲ ದೂರು ಕೊಟ್ಟಳು, ಹನ್ನೊಂದು ಸಲವೂ ಪರಿಹಾರವಾಯಿತು. ಕೊನೆಗೆ ಸೆರಗು ಸಿಕ್ಕಿಸಿಕೊಂಡು ರಸ್ತೆ ನೋಡಿಕೊಳ್ಳುವ ಎಂಜಿನಿಯರನ ಆಫೀಸಿಗೇ ಹೋದಳು.

"ಫೈಲ್ ಮೇಲಕ್ಕೆ ಹೋಗಿದೆ ಮೇಡಂ," ಎಂದ ಎಂಜಿನಿಯರ್. "ಬೈಕಿನೋರೂ ಪಾಪ ಎಲ್ಲಿ ಹೋಗ್ಬೇಕು ಹೇಳಿ. ಟ್ರಾಫಿಕ್ ನೀವೇ ನೋಡ್ತಿದೀರಲ್ಲ."

"ಬೈಕಿನೋರು ಪಾಪ. ನನ್ ಗಂಡ ಏನು, ಒಕ್ಕಣೆಗೆ ಅಂತ ರೋಡ್ ಮೇಲೆ ಹರಡಿರೋ ರಾಗೀನಾ?"

ಎಂಜಿನಿಯರ್ ಫೋನೆತ್ತಿ ಯಾರೂ ಕರೆಯದಿದ್ದರೂ "ಹಲೋ" ಎಂದ.

ಮನೆಗೆ ಬಂದವಳ ಕಣ್ಣಿಗೆ ಮೆಟ್ಟಿಲ ಕೆಳಗಿನ ರುಬ್ಬುಗುಂಡು ಬಿತ್ತು. ಅತ್ತೆಯ ಕಾಲದ್ದು, ಗ್ರೈಂಡರ್ ಬಂದ ಮೇಲೆ ಮೂಲೆ ಸೇರಿದ್ದು. ಓಣಿಯ ಬಾಯಲ್ಲಿ ತಳ್ಳುಗಾಡಿಯಿಟ್ಟು ಹೂ ಮಾರುವ ಮುನಿಯಕ್ಕನನ್ನು ಕರೆದು, ಬೆಳಗಾಗೆದ್ದು ಇಬ್ಬರೂ ಅದನ್ನು ಗಾಡಿಯಲ್ಲಿ ಸಾಗಿಸಿ ಫುಟ್‌ಪಾತಿನ ಬಾಯಿಯ ನಟ್ಟನಡುವೆ ನಿಲ್ಲಿಸಿದರು. ನಡೆಯುವವರು ಪಕ್ಕದಲ್ಲಿ ದಾಟಬಹುದು, ಬೈಕಿಗೆ ಕಷ್ಟ. ಒಂಬತ್ತು ಗಂಟೆಯೊಳಗೆ ಯಾರೋ ಅದನ್ನು ಒದ್ದು ಮೋರಿಯ ಅಂಚಿಗೆ ಉರುಳಿಸಿದ್ದರು.

ಮಾರನೆಯ ದಿನ ಸುಬ್ಬಲಕ್ಷ್ಮಿ ಅದನ್ನು ತೊಳೆದು ಮತ್ತೆ ನಿಲ್ಲಿಸಿ, ಮೈತುಂಬ ಅರಿಸಿನ ಬಳಿದು, ಅಂಗೈಯಗಲ ಕುಂಕುಮ ಇಟ್ಟಳು. ಮಾಡುತ್ತಿರುವುದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೋಡೆಯ ಮೇಲೆ ದೇವರ ಟೈಲ್ಸ್ ಅಂಟಿಸಿದರೆ ಉಚ್ಚೆ ಹೊಯ್ಯುವವನು ಪ್ಯಾಂಟಿನ ಜಿಪ್ ಎಳೆದುಕೊಂಡು ಮುಂದೆ ಹೋಗುವ ಊರು ಇದು. ಒಂದು ಹಿಡಿ ಅರಿಸಿನ ಏನು ಮಾಡಬಲ್ಲದು ಎಂದು ಅವಳು ಓಣಿಯ ಬಾಯಲ್ಲಿ ನಿಂತು ನೋಡಿದಳು. ಮೊದಲ ಬೈಕು ಹತ್ತಲು ಬಂತು, ಬ್ರೇಕ್ ಹಾಕಿತು. ಸವಾರ ಎದೆ ಮುಟ್ಟಿಕೊಂಡು, ತುಟಿಗೆ ಬೆರಳೊತ್ತಿ, ರಸ್ತೆಗಿಳಿದು ಸಾಲಿನಲ್ಲಿ ನಿಂತ. ಹಿಂದಿನವನೂ ಹಾಗೇ ಮಾಡಿದ. ಸರ್ಕಾರದ ಕೈಯಲ್ಲಿ ಆಗದ್ದು ಮುಕ್ಕಾಲು ಅಡಿ ಕಲ್ಲಿನ ಕೈಯಲ್ಲಾಯಿತು ಎಂದು ಅವಳು ಒಳಗೊಳಗೇ ಹಿಗ್ಗಿದಳು.

ಸೀನಣ್ಣ ಮೂರು ವಾರ ನಡೆದ. ಮೊದಲ ವಾರ ಎಪ್ಪತ್ತು ಹೆಜ್ಜೆ, ಮೂರನೆಯ ವಾರಕ್ಕೆ ಮೆಟ್ರೋ ಮೆಟ್ಟಿಲು ಮುಟ್ಟಿ ವಾಪಸು. ಬರುವಾಗ ಅಂಗಡಿಯಲ್ಲಿ ನಿಂತು ಪೇಪರು ಓದುವುದನ್ನೂ ಶುರುಮಾಡಿದ. ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯೆಂದು ಮೊದಲಿನ ಹಾಗೆ ಜಗಳಕ್ಕೂ ಬಂದ. ಸುಬ್ಬಲಕ್ಷ್ಮಿಗೆ ಆ ಜಗಳ ಸಕ್ಕರೆಯಂತಿತ್ತು.

ಅಷ್ಟರಲ್ಲಿ ಒಬ್ಬ ಟೆಂಪೋ ಡ್ರೈವರ್ ಮುನಿಯಕ್ಕನನ್ನು ಕೇಳಿದ, "ಯಾವ್ ದೇವ್ರಕ್ಕ ಇದು?" ಬಾಯಲ್ಲಿ ಎಲೆಅಡಿಕೆ ಇದ್ದ ಮುನಿಯಕ್ಕ ಮರೆತು "ಗುಂಡು" ಎಂದುಬಿಟ್ಟಳು. ಅವನು ಹುಬ್ಬೇರಿಸಿದ. ತಕ್ಷಣ ಅವಳು ಉಗಿದು ಬಂದು "ಗುಂಡಮ್ಮ" ಎಂದಳು. ಸಂಜೆಯೊಳಗೆ ಗುಂಡಮ್ಮನಿಗೆ ಕರ್ಪೂರ ಬಂತು, ನಿಂಬೆಹಣ್ಣು ಬಂತು. ವಾರದೊಳಗೆ ರಾಮಾಂಜಿನಪ್ಪ ಬಂದ.

ರಾಮಾಂಜಿನಪ್ಪ ಫುಟ್‌ಪಾತಿನ ಪಕ್ಕದ ಏಳು ಅಂಗಡಿಗಳ ಮಾಲೀಕ. ಅವನ ಅಪ್ಪನ ಕಾಲದಲ್ಲಿ ಅಲ್ಲಿ ಹುರುಳಿ ಬೆಳೆಯುತ್ತಿತ್ತಂತೆ, ಈಗ ಬಾಡಿಗೆ ಬೆಳೆಯುತ್ತದೆ. ಫುಟ್‌ಪಾತೂ ನಮ್ಮಪ್ಪನ ಜಮೀನೇ ಎಂಬುದು ಅವನ ಹಳೆಯ ವಾದ. ಇಷ್ಟು ದಿನ ಬರಿಯ ವಾದವಿತ್ತು, ಈಗ ದೇವತೆಯೇ ಸಿಕ್ಕಳು. ನಾಲ್ಕು ಕಬ್ಬಿಣದ ಕಂಬ ನೆಟ್ಟು, ತಗಡು ಹೊದಿಸಿ, ಸುತ್ತ ಗ್ರಿಲ್ ಕಟ್ಟಿ, ಹುಂಡಿಯಿಟ್ಟು, 'ಶ್ರೀ ದಾರಿ ಗುಂಡಮ್ಮ ದೇವಿ' ಎಂದು ಬೋರ್ಡು ಬರೆಸಿದ. ಗ್ರಿಲ್ಲು ಈ ಅಂಚಿನಿಂದ ಆ ಅಂಚಿಗೆ ಫುಟ್‌ಪಾತನ್ನು ಪೂರಾ ನುಂಗಿತು. ಬೈಕಿರಲಿ, ಬೆಕ್ಕೂ ನುಸುಳುವಂತಿರಲಿಲ್ಲ. ನಡೆಯುವವರೆಲ್ಲ ರಸ್ತೆಗೆ ಇಳಿದರು. ಗಣಪತಿಯನ್ನು ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದಂತಾಗಿತ್ತು ಸುಬ್ಬಲಕ್ಷ್ಮಿಯ ಸ್ಥಿತಿ.

ಸೀನಣ್ಣ ಒಂದು ದಿನ ಕೋಲೂರಿ ರಸ್ತೆಗಿಳಿದ. ಹಿಂದಿನಿಂದ ಟ್ಯಾಂಕರಿನ ಹಾರ್ನ್ ಕೇಳಿದ್ದೇ ಗ್ರಿಲ್ ಹಿಡಿದು ನಿಂತುಬಿಟ್ಟ. ಮುನಿಯಕ್ಕ ಕೈ ಹಿಡಿದು ಮನೆಗೆ ತಂದು ಬಿಟ್ಟಳು. ಅವತ್ತಿನಿಂದ ಅವನು ಹೊಸ್ತಿಲು ದಾಟಲಿಲ್ಲ. ಹದಿನೈದು ದಿನಕ್ಕೆ ಮಂಡಿ ಬಿಗಿಯತೊಡಗಿತು. ಸಾರಿಗೆ ಉಪ್ಪು ಹಾಕುವುದನ್ನೇ ಮರೆತರೂ ಸುಮ್ಮನೆ ಉಂಡು ಎದ್ದ. ಸುಬ್ಬಲಕ್ಷ್ಮಿ ಅಡುಗೆಮನೆಯಲ್ಲಿ ನಿಂತು ಅತ್ತಳು, ಆಮೇಲೆ ಅತ್ತದ್ದಕ್ಕೇ ಸಿಟ್ಟು ಬಂದು ಮತ್ತೆ ಎಂಜಿನಿಯರನ ಮುಂದೆ ಹೋಗಿ ನಿಂತಳು.

"ಗ್ರಿಲ್ ಅಕ್ರಮಾನೇ ಮೇಡಂ, ಇಲ್ಲ ಅಂತಿಲ್ಲ," ಎಂದ ಅವನು. "ಆದ್ರೆ ಒಳಗೆ ದೇವ್ರಿರೋ ತನಕ ನಾನು ಮುಟ್ಟಕ್ಕಾಗಲ್ಲ. ದೇವ್ರಿಲ್ದಿದ್ರೆ ನಾಳೇನೇ ಕಟ್ ಮಾಡಿಸ್ತೀನಿ."

ಆಷಾಢದ ಮೊದಲ ಶುಕ್ರವಾರ. ಗುಂಡಮ್ಮನ ಮುಂದೆ ಜನ ಕಿಕ್ಕಿರಿದಿದ್ದರು. ಸುಬ್ಬಲಕ್ಷ್ಮಿ ಎಲ್ಲರನ್ನೂ ಭುಜದಿಂದ ತಳ್ಳಿಕೊಂಡು ಗ್ರಿಲ್ಲಿನ ಬಾಗಿಲಿಗೇ ಬಂದಳು.

"ಇದು ದೇವ್ರಲ್ಲ, ನಮ್ಮನೆ ರುಬ್ಬುಗುಂಡು! ನಮ್ಮತ್ತೆ ಮೂವತ್ತು ವರ್ಷ ಇದ್ರಲ್ಲಿ ಚಟ್ನಿ ರುಬ್ಬಿದಾರೆ. ನಾನೇ ತಂದಿಟ್ಟಿದ್ದು, ನಾನೇ ಅರಿಸಿನ ಹಚ್ಚಿದ್ದು. ಬೇಕಾದ್ರೆ ಮುನಿಯಕ್ಕನ್ನ ಕೇಳಿ."

ಮುನಿಯಕ್ಕ ಹೂವಿನ ಮೊಳ ಅಳೆಯುವುದರಲ್ಲಿ ಮುಳುಗಿಹೋದಳು. ದೇವಿ ಬಂದ ಮೇಲೆ ಅವಳ ಹೂವು ಎರಡರಷ್ಟು ಖರ್ಚಾಗುತ್ತಿತ್ತು.

"ಏಯ್ ಆಂಟಿ, ದೇವ್ರ ವಿಷ್ಯ, ಹುಷಾರಾಗ್ ಮಾತಾಡಿ," ಎಂದು ಒಬ್ಬ ಮುಂದೆ ಬಂದ. ಇನ್ನೊಬ್ಬ ಅವಳ ತೋಳಿಗೇ ಕೈ ಹಾಕಿದ. "ಕೈ ತೆಗಿ, ಇಲ್ದಿದ್ರೆ ಕಪಾಳಕ್ಕೆ ಬೀಳುತ್ತೆ," ಎಂದು ಅವಳು ಇನ್ನೊಂದು ಕೈ ಎತ್ತಿದಳು.

ರಾಮಾಂಜಿನಪ್ಪ ಅನುಭವಸ್ಥ. ಹೊಡೆದಾಟವಾದರೆ ಪೊಲೀಸರು ಬರುತ್ತಾರೆ, ಪೊಲೀಸರು ಬಂದರೆ ಕಾಗದಪತ್ರ ಕೇಳುತ್ತಾರೆ. ಅವನು ಎರಡೂ ಕೈ ಎತ್ತಿದ.

"ಇರ್ರಪ್ಪಾ, ಯಾಕಂಗಾಡ್ತೀರ? ಆಯಮ್ಮ ನಿಜಾನೇ ಏಳ್ತಾವ್ಳೆ. ತಾಯಿ ಅವ್ರ ಮನೇಲಿ ಉಟ್ಟಿ, ನಮ್ಮಂಗ್ಡಿ ಮುಂದೆ ಬಂದು ನೆಲ್ಸವ್ಳೆ. ಅಂದ್ಮೇಲೆ ಆ ಮನೆ ಏನಾಯ್ತು? ಗುಂಡಮ್ಮನ ತವರುಮನೆ ಆಯ್ತು! ಮೊದ್ಲು ಆಯಮ್ಮಂಗೆ ತೀರ್ಥ ಕೊಡ್ರೋ."

ತೋಳು ಹಿಡಿದಿದ್ದವನೇ ಕೈ ಮುಗಿದ. ಹೆಂಗಸರು ದಾರಿ ಬಿಟ್ಟರು. ಬೈದರೂ ಪೂಜೆ ಮಾಡುವ ಜನರ ಮುಂದೆ ಏನು ತಾನೇ ಹೇಳುವುದು? ಅಂಗೈಗೆ ಬಿದ್ದ ತೀರ್ಥವನ್ನೇ ನೋಡುತ್ತ ನಿಂತ ಸುಬ್ಬಲಕ್ಷ್ಮಿಗೆ ಅವನಾಡಿದ ಒಂದು ಪದ ಕಿವಿಯಲ್ಲಿ ಕುಟುಕಿತು.

"ತವರುಮನೆ ಅಂದ್ರಲ್ಲ ರಾಮಾಂಜಿನಪ್ಪನೋರೇ. ಎಲ್ರಿಗೂ ಕೇಳೋ ಹಾಗೆ ಇನ್ನೊಂದ್ಸಲ ಹೇಳಿ."

"ಊಂ ಕಣಮ್ಮಾ, ತವರೇ. ಯಾರಿಲ್ಲ ಅಂದೋರು?"

"ಇದು ಯಾವ ಮಾಸ?"

ರಾಮಾಂಜಿನಪ್ಪ ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಂಡ.

"ಹೊಸದಾಗಿ ಬಂದ ಹೆಣ್ಣುಮಗಳನ್ನ ಆಷಾಢದಲ್ಲಿ ಅತ್ತೆಮನೇಲಿ ಇಟ್ಕೋತಾರಾ ನಿಮ್ಮಲ್ಲಿ? ನಮ್ಮಲ್ಲಿಲ್ಲ. ಮಗಳನ್ನ ಕರ್ಕೊಂಡೋಗಕ್ಕೆ ಬಂದಿದೀನಿ, ಬಾಗಿಲು ತೆಗೀರಿ."

ಗಂಡಸರು ಮುಖ ಮುಖ ನೋಡಿಕೊಂಡರು. ಹೆಂಗಸರು ನೋಡಿಕೊಳ್ಳಲಿಲ್ಲ, ಅವರಿಗೆ ಉತ್ತರ ಗೊತ್ತಿತ್ತು. ರಾಮಾಂಜಿನಪ್ಪನ ಹೆಂಡತಿ ಭಾಗ್ಯಮ್ಮನೇ ಗಂಡನ ಸೊಂಟದಿಂದ ಬೀಗದ ಕೈ ಕಿತ್ತುಕೊಂಡಳು. "ಕಳ್ಸಿ ಅತ್ಲಾಗೆ. ಆಸಾಡದಾಗೆ ತಡುದ್ರೆ ಮನೆಗೊಳ್ಳೇದಲ್ಲ," ಎಂದಳು. ಮುನಿಯಕ್ಕನಿಗೂ ಆಗ ಧೈರ್ಯ ಬಂದು ಗಾಡಿ ತಂದಳು. ಗುಂಡಮ್ಮನಿಗೆ ಮಡಿಲು ತುಂಬಿ, ಹೊಸ ರವಿಕೆ ಕಣ ಹೊದಿಸಿ, ಕಣ್ಣೊರೆಸಿಕೊಂಡು ಕಳಿಸಿಕೊಟ್ಟರು.

"ಸ್ರಾವಣಕ್ಕೆ ವಾಪಸ್ ಕಳ್ಸ್ಬೇಕು ಕಣಮ್ಮಾ!" ಎಂದು ರಾಮಾಂಜಿನಪ್ಪ ಹಿಂದಿನಿಂದ ಕೂಗಿದ.

"ಕರೆಯಕ್ಕೆ ನೀವೇ ಬನ್ನಿ. ನಮ್ಮನೆ ಬಾಗ್ಲಲ್ಲೇ ಮಾತಾಡೋಣ," ಎಂದಳು ಅವಳು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎಂಜಿನಿಯರನ ಮೇಜಿನ ಮುಂದೆ ಕೂತವಳು ಸಂಜೆ ನಾಲ್ಕಕ್ಕೆ ಗ್ಯಾಸ್ ಕಟ್ಟರಿನವರ ಜೊತೆಗೇ ಎದ್ದಳು. ಗ್ರಿಲ್ಲು ಹೋಯಿತು, ತಗಡು ಹೋಯಿತು. ಫುಟ್‌ಪಾತು ಖಾಲಿಯಾಯಿತು. ಬುಧವಾರ ಸೀನಣ್ಣ ಹೊಸ್ತಿಲು ದಾಟಿ ನಲವತ್ತು ಹೆಜ್ಜೆ ಹೋಗಿದ್ದ ಅಷ್ಟೇ, ಹಿಂದಿನಿಂದ ಬೈಕುಗಳು ಹತ್ತಿದವು. ಅರಿಸಿನವೂ ಇಲ್ಲ, ಕಲ್ಲೂ ಇಲ್ಲ, ಇನ್ನು ಯಾರ ಭಯ? ಗೋಡೆಗೆ ಬೆನ್ನು ಹಚ್ಚಿ ಎಲ್ಲರನ್ನೂ ಹೋಗಬಿಟ್ಟು ಅವನು ಮನೆಗೆ ಬಂದ.

"ನಾಳೆಯಿಂದ ಬೇಡ ಬಿಡು ಸುಬ್ಬು," ಎಂದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದದ್ದು.

ಮರುದಿನ ಶಿಫ್ಟ್ ಬಿಡುವ ಹೊತ್ತಿಗೆ ಸುಬ್ಬಲಕ್ಷ್ಮಿ ಓಣಿಯ ಬಾಯಿಗೆ ಬಂದಳು. ಮುನಿಯಕ್ಕ ಕೇಳಿದಳು, "ಗುಂಡು ತರಾನೇನಮ್ಮಾ?"

"ಬೇಡ," ಎಂದಳು ಸುಬ್ಬಲಕ್ಷ್ಮಿ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಫುಟ್‌ಪಾತಿನ ಬಾಯಲ್ಲಿ ಹಾಕಿ ತಾನೇ ಕೂತಳು.

ಮೊದಲ ಬೈಕು ಬಂದು ಅವಳ ಮಂಡಿಯಿಂದ ಗೇಣು ದೂರದಲ್ಲಿ ನಿಂತಿತು. ಹಾರ್ನ್ ಹೊಡೆಯಿತು. ಅವಳು ಕದಲಲಿಲ್ಲ.

"ಆಂಟಿ, ಸೈಡ್ ಬಿಡಿ. ಲೇಟಾಗ್ತಿದೆ."

"ಎರಡು ತಿಂಗಳ ಹಿಂದೆ ಇದೇ ಜಾಗದಲ್ಲಿ ಎದೆ ಮುಟ್ಕೊಂಡು ಕೆಳಗಿಳಿದು ಹೋದೋನು ನೀನೇ ಅಲ್ವಾ? ನಾನೇ ನೋಡಿದೀನಿ."

"ಅದು ದೇವ್ರು ಆಂಟಿ."

"ಅದು ಚಟ್ನಿ ರುಬ್ಬೋ ಕಲ್ಲು. ನಂಗೆ ಜೀವ ಇದೆ ಕಣೋ. ಕಲ್ಲಿಗೆ ದಾರಿ ಬಿಟ್ಟೋನು ನಂಗೆ ಹಾರ್ನ್ ಹೊಡೀತೀಯಾ?"

ಅವನು ಮತ್ತೆ ಹಾರ್ನ್ ಒತ್ತಿದ. ಹಿಂದೆ ಸಾಲುಗಟ್ಟಿದ ಏಳೆಂಟು ಬೈಕುಗಳೂ ಒತ್ತತೊಡಗಿದವು. ಯಾರೋ ಕೆಟ್ಟದಾಗಿ ಬೈದರು. ಅವಳು ಅದಕ್ಕಿಂತ ಕೆಟ್ಟದಾಗಿ ಬೈದಳು. ಆ ಗದ್ದಲದ ನಡುವೆ ಬೆನ್ನ ಹಿಂದೆ ಕೋಲಿನ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಬೈಕು ನುಗ್ಗೀತು ಎಂದು ಅವಳು ತಿರುಗಲಿಲ್ಲ.

"ನಡೀರಿ," ಎಂದಳು ಜೋರಾಗಿ. "ನೀವು ಮೆಟ್ಟಿಲು ಮುಟ್ಟಿ ಬರೋ ತನಕ ನಾನಿಲ್ಲೇ ಕೂತಿರ್ತೀನಿ."